ಪಟ್ಟೆ ಪಿಯರೊ (ಚಿಟ್ಟೆ)

ಪಟ್ಟೆ ಪಿಯರೊ ಎಂಬುದು ಲೈಕೆನಿಡೇ ಕುಟುಂಬಕ್ಕೆ, ಅಂದರೆ ನೀಲಿ ಚಿಟ್ಟೆಗಳ ಕುಟುಂಬಕ್ಕೆ, ಸೇರಿದ ಒಂದು ಪುಟ್ಟ ಚಿಟ್ಟೆ. ಇದರ ವೈಜ್ಞಾನಿಕ ನಾಮ ಟ್ಯಾರುಕಸ್ ನಾರಾ. ಇಂಗ್ಲಿಷಿನಲ್ಲಿ ಇದನ್ನು ಸ್ಟ್ರೈಪ್ಡ್ ಪಿಯರೊ ಎಂದು ಕರೆಯುತ್ತಾರೆ. ರೆಕ್ಕೆಗಳನ್ನು ಪೂರ್ತಿಯಾಗಿ ಬಿಚ್ಚಿದಾಗಲೂ ಇದರ ಅಗಲ 2ರಿಂದ 2.5 ಸೆಂಟಿಮೀಟರಿನಷ್ಟು ಮಾತ್ರ. ಭಾರತದ ಒಣ ಬಯಲುಗಳು, ಕಲ್ಲುಗುಡ್ಡಗಳು, ಮುಳ್ಳುಕಂಟಿಗಳಿಂದ ತುಂಬಿದ ಕುರುಚಲು ಭೂಮಿ ಹಾಗೂ ಹೊಲದ ಬದುಗಳು ಇದರ ವಾಸಸ್ಥಾನ. ಇದರ ಮರಿಹುಳುಗಳಿಗೆ ಬಾರಿ ಗಿಡ ಮತ್ತು ಅದರ ಹತ್ತಿರದ ಬಂಧುಗಳ ಎಲೆಯೇ ಆಹಾರ. ಈ ಗಿಡವನ್ನು ಹಳೆಯ ಮೈಸೂರು ಸೀಮೆಯಲ್ಲಿ ಎಲಚಿ ಎಂದೂ ಬೇರೆಡೆಗಳಲ್ಲಿ ಬೋರೆ ಎಂದೂ ಕರೆಯುವುದುಂಟು. ಬಾರಿ ಗಿಡ ಇರುವಲ್ಲಿ ಈ ಚಿಟ್ಟೆ ಇರಬಹುದು. ಬಾರಿ ಗಿಡ ಇಲ್ಲದಲ್ಲಿ ಇದು ನೆಲೆ ನಿಲ್ಲಲಾರದು. ಆದ್ದರಿಂದ ಈ ಚಿಟ್ಟೆಯ ಕಥೆಯನ್ನು ಹೇಳುವುದೆಂದರೆ ಅರ್ಧದಷ್ಟು ಬಾರಿ ಗಿಡದ ಕಥೆಯನ್ನೇ ಹೇಳಿದಂತೆ.

ಈ ಲೇಖನವು ಮುಖ್ಯವಾಗಿ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯನ್ನು, ಅದರಲ್ಲಿಯೂ ರಾಯಚೂರು ನಗರದ ಸುತ್ತಣ ಗುಡ್ಡಗಳು, ದೇವದುರ್ಗ ಮತ್ತು ಮಾನ್ವಿ ತಾಲೂಕುಗಳ ಒಣಭೂಮಿಯನ್ನು ದೃಷ್ಟಿಯಲ್ಲಿಟ್ಟುಕೊಂಡು ಈ ಚಿಟ್ಟೆಯ ಸ್ವರೂಪ ಮತ್ತು ಬದುಕನ್ನು ವಿವರಿಸುತ್ತದೆ.

ಹೆಸರು ಮತ್ತು ವರ್ಗೀಕರಣ

ಪಿಯರೊ ಎಂಬುದು ಯುರೋಪಿನ ಮೂಕನಾಟಕಗಳಲ್ಲಿ ಬರುವ, ಬಿಳಿ ಉಡುಪು ತೊಟ್ಟು ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ವಿದೂಷಕನ ಹೆಸರು. ನಮ್ಮ ದೊಡ್ಡಾಟದ ಸಾರಥಿಯನ್ನು ನೆನೆದರೆ ಪಾತ್ರದ ಸ್ವಭಾವ ತಿಳಿಯುತ್ತದೆ. ಬಿಳಿಯ ಮೈಮೇಲೆ ಕಪ್ಪು ಚುಕ್ಕೆ, ಕಪ್ಪು ಪಟ್ಟೆಗಳಿರುವ ಹಲವು ಪುಟ್ಟ ಚಿಟ್ಟೆಗಳಿಗೆ ಭಾರತದಲ್ಲಿದ್ದ ಬ್ರಿಟಿಷ್ ಕೀಟಾಸಕ್ತರು ಈ ಹೆಸರನ್ನು ಹಂಚಿಬಿಟ್ಟಿದ್ದಾರೆ. ಬಾರಿ ಗಿಡಕ್ಕೆ ಹತ್ತು ಊರುಗಳಲ್ಲಿ ಹತ್ತು ಹೆಸರುಗಳಿರುವಾಗ, ಅದರ ಮೇಲೆಯೇ ಬದುಕುವ ಚಿಟ್ಟೆಗೆ ದೂರದ ವಿದೂಷಕನ ಹೆಸರು ಅಂಟಿಕೊಂಡಿರುವುದು ಸ್ವಲ್ಪ ವಿಚಿತ್ರವೆನ್ನಿಸಿದರೂ, ಬಳಕೆಯಲ್ಲಿರುವ ಹೆಸರು ಅದೇ ಆದುದರಿಂದ ಇಲ್ಲಿಯೂ ಅದನ್ನೇ ಉಳಿಸಿಕೊಳ್ಳಲಾಗಿದೆ.

ಈ ಪ್ರಭೇದವನ್ನು ಮೊದಲು ವಿವರಿಸಿದವನು ಆಸ್ಟ್ರಿಯಾದ ಕೀಟಶಾಸ್ತ್ರಜ್ಞ ವಿನ್ಸೆಂಜ್ ಕೊಲ್ಲರ್. ಬ್ಯಾರನ್ ಹ್ಯೂಗೆಲ್ ಎಂಬಾತನು ಕಾಶ್ಮೀರ ಹಾಗೂ ಪಂಜಾಬುಗಳಲ್ಲಿ ಸಂಚರಿಸಿ ಬರೆದ ಪ್ರವಾಸಗ್ರಂಥದ ಪ್ರಾಣಿಶಾಸ್ತ್ರ ಭಾಗದಲ್ಲಿ, 1840ರ ದಶಕದಲ್ಲಿ, ಈ ವಿವರಣೆ ಪ್ರಕಟವಾಯಿತು. ಟ್ಯಾರುಕಸ್ ಎಂಬ ಕುಲವನ್ನು ಫ್ರೆಡರಿಕ್ ಮೂರ್ 1881ರಲ್ಲಿ, ಶ್ರೀಲಂಕಾದ ಚಿಟ್ಟೆ ಮತ್ತು ಪತಂಗಗಳನ್ನು ಕುರಿತ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು.

ಹಳೆಯ ಪುಸ್ತಕಗಳನ್ನು ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕು. 19ನೇ ಶತಮಾನದ ಹಾಗೂ 20ನೇ ಶತಮಾನದ ಆರಂಭದ ಗ್ರಂಥಗಳಲ್ಲಿ ಭಾರತದ ಬಾರಿ ಗಿಡದ ಪಿಯರೊಗಳನ್ನೆಲ್ಲ ಬಹುತೇಕ ಒಂದೇ ಹೆಸರಿನಿಂದ, ಟ್ಯಾರುಕಸ್ ಥಿಯೊಫ್ರಾಸ್ಟಸ್ ಎಂದು, ಕರೆಯಲಾಗಿದೆ. ಈ ಹೆಸರನ್ನು ಫ್ಯಾಬ್ರಿಸಿಯಸ್ 1793ರಲ್ಲಿ ಕೊಟ್ಟಿದ್ದನು. ಥಿಯೊಫ್ರಾಸ್ಟಸ್ ಎಂಬವನು ಸಸ್ಯಶಾಸ್ತ್ರದ ಪಿತಾಮಹನೆನಿಸಿದ ಗ್ರೀಕ್ ವಿದ್ವಾಂಸ. ನಿಜವಾದ ಥಿಯೊಫ್ರಾಸ್ಟಸ್ ಚಿಟ್ಟೆಯಾದರೋ ಸ್ಪೇನಿನ ದಕ್ಷಿಣ ಭಾಗ ಮತ್ತು ಆಫ್ರಿಕದ ಕಡೆಯದು. ನೋಡಲು ಒಂದೇ ತರಹ ಇರುವ ಈ ಚಿಟ್ಟೆಗಳ ಗಂಡುಗಳ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಇವು ಬೇರೆ ಬೇರೆ ಪ್ರಭೇದಗಳೆಂದು ವಿಂಗಡಿಸುವ ಕೆಲಸವನ್ನು ಬೆಥೂನ್-ಬೇಕರ್ 1918ರ ಸುಮಾರಿಗೆ ಕೈಗೊಂಡನು. 1955ರಲ್ಲಿ ಇವಾನ್ಸ್ ಯುರೋಪ್, ಉತ್ತರ ಆಫ್ರಿಕ ಮತ್ತು ಏಷ್ಯಾದ ಪ್ರಭೇದಗಳನ್ನು ಮತ್ತೊಮ್ಮೆ ಪರಿಷ್ಕರಿಸಿದನು. ಹೀಗಾಗಿ ಅದಕ್ಕೂ ಹಿಂದಿನ ಬರಹಗಳಲ್ಲಿ ಥಿಯೊಫ್ರಾಸ್ಟಸ್ ಕುರಿತು ಭಾರತದಿಂದ ವರದಿಯಾದ ಸಂಗತಿಗಳನ್ನು ಈ ಇಡೀ ಬಂಧುಬಳಗಕ್ಕೆ ಸೇರಿದ ಸಂಗತಿಗಳೆಂದು ಓದಿಕೊಳ್ಳುವುದು ಕ್ಷೇಮ.

ಕರ್ನಾಟಕದ ಮಟ್ಟಿಗೆ ನೀಲಿ ಚಿಟ್ಟೆಗಳ ಜೀವನಚಕ್ರದ ಅಧ್ಯಯನದಲ್ಲಿ ಮರೆಯಲಾಗದ ಹೆಸರು ಟಿ. ಆರ್. ಬೆಲ್. ಉತ್ತರ ಕನ್ನಡ ಜಿಲ್ಲೆಯಲ್ಲಿ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತಿಯ ನಂತರವೂ ಕಾರವಾರದಲ್ಲಿಯೇ ಉಳಿದು, 1948ರಲ್ಲಿ ನಿಧನರಾದ ಇವರು, ಭಾರತದ ಬಯಲುನಾಡಿನ ಸಾಮಾನ್ಯ ಚಿಟ್ಟೆಗಳನ್ನು ಕುರಿತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1909ರಿಂದ ಹಲವು ವರ್ಷಗಳ ಕಾಲ ಲೇಖನಮಾಲೆಯನ್ನು ಬರೆದರು. ಮೊಟ್ಟೆ, ಹುಳು, ಕೋಶಗಳನ್ನು ಸ್ವತಃ ಸಾಕಿ, ಕಂಡದ್ದನ್ನು ಕಂಡಂತೆ ಬರೆದ ವಿವರಗಳು ಅವು. ಇಂದಿಗೂ ಅವುಗಳ ಉಪಯೋಗ ತಪ್ಪಿಲ್ಲ.

ಲಕ್ಷಣಗಳು

ಗಂಡು ಚಿಟ್ಟೆಯ ರೆಕ್ಕೆಯ ಮೇಲ್ಭಾಗ ನೇರಳೆ ಮಿಶ್ರಿತ ನೀಲಿ. ಅಂಚಿನಲ್ಲಿ ಕಿರಿದಾದ ಕಪ್ಪು ಗೆರೆಯೂ ಮುಂರೆಕ್ಕೆಯ ನಡುವೆ ಒಂದು ಸಣ್ಣ ಕಪ್ಪು ಗುರುತೂ ಇರುತ್ತವೆ. ಹೆಣ್ಣಿನ ಮೇಲ್ಭಾಗ ಕಂದು; ಬುಡದಲ್ಲಿ ಸ್ವಲ್ಪ ನೀಲಿಯ ಛಾಯೆ, ಮುಂರೆಕ್ಕೆಯಲ್ಲಿ ಬಿಳಿ ಮಚ್ಚೆಗಳು. ಗಂಡು ಹೆಣ್ಣುಗಳನ್ನು ಅಕ್ಕಪಕ್ಕದಲ್ಲಿ ರೆಕ್ಕೆ ಬಿಚ್ಚಿ ಕುಳಿತಾಗ ನೋಡಿದವರು ಅವು ಎರಡು ಬೇರೆ ಜಾತಿಯ ಚಿಟ್ಟೆಗಳೆಂದೇ ಭಾವಿಸುವುದು ಸಹಜ.

ರೆಕ್ಕೆ ಮುಚ್ಚಿ ಕುಳಿತಾಗ ಕಾಣುವ ಕೆಳಭಾಗ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಬಿಳಿಯ ಹಿನ್ನೆಲೆಯ ಮೇಲೆ ಕಡುಗಪ್ಪು ಅಥವಾ ಕಂದುಗಪ್ಪು ಪಟ್ಟೆಗಳು. ಬಂಧು ಪ್ರಭೇದಗಳಲ್ಲಿ ಬಿಡಿಬಿಡಿ ಚುಕ್ಕೆಗಳಾಗಿ ಉಳಿಯುವ ಗುರುತುಗಳು ಇದರಲ್ಲಿ ಒಂದಕ್ಕೊಂದು ಕೂಡಿಕೊಂಡು ಗೆರೆಗಳಾಗುತ್ತವೆ. ಪಟ್ಟೆ ಎಂಬ ವಿಶೇಷಣಕ್ಕೆ ಇದೇ ಕಾರಣ. ಹಿಂರೆಕ್ಕೆಯ ತುದಿಯಲ್ಲಿ ಕೂದಲೆಳೆಯಂಥ ಒಂದು ಬಾಲವೂ, ಅದರ ಬುಡದಲ್ಲಿ ಹಸಿರು-ನೀಲಿ ಲೋಹದ ಹೊಳಪಿನ ಕಪ್ಪು ಬೊಟ್ಟುಗಳೂ ಇವೆ. ಕುಳಿತ ಚಿಟ್ಟೆ ತನ್ನ ಹಿಂರೆಕ್ಕೆಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜುತ್ತದೆ. ಆಗ ಆ ಬಾಲಗಳು ಮೀಸೆಗಳಂತೆಯೂ, ಬೊಟ್ಟುಗಳು ಕಣ್ಣುಗಳಂತೆಯೂ ತೋರುತ್ತವೆ. ಹಲ್ಲಿ, ಓತಿಕ್ಯಾತ, ಜೇಡ ಮುಂತಾದ ಶತ್ರುಗಳು ಅದನ್ನೇ ತಲೆಯೆಂದು ತಿಳಿದು ಬಾಯಿ ಹಾಕಿದರೆ, ಚಿಟ್ಟೆಗೆ ರೆಕ್ಕೆಯ ಒಂದು ಚೂರು ಮಾತ್ರ ನಷ್ಟ. ಹೊಲದ ಬದುವಿನಲ್ಲಿ ಹಿಂರೆಕ್ಕೆಯ ತುದಿ ಹರಿದಿದ್ದರೂ ಹಾರಾಡಿಕೊಂಡಿರುವ ಚಿಟ್ಟೆ ಕಂಡರೆ, ಅದು ಇಂತಹ ಮೋಸದಿಂದ ಜೀವ ಉಳಿಸಿಕೊಂಡ ಚಿಟ್ಟೆಯಾಗಿರಬಹುದು.

ನೆಲೆ

ರಾಯಚೂರು ಜಿಲ್ಲೆ ಕರ್ನಾಟಕದ ಈಶಾನ್ಯ ಒಣವಲಯದಲ್ಲಿದೆ. ವಾರ್ಷಿಕ ಸರಾಸರಿ ಮಳೆ 600ರಿಂದ 700 ಮಿಲಿಮೀಟರಿನ ಆಸುಪಾಸು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಎರೆಹೊಲ, ಮಸಾರಿ ಹೊಲ, ಮತ್ತು ಅಲ್ಲಲ್ಲಿ ಬಂಡೆಗಳನ್ನು ಪೇರಿಸಿಟ್ಟಂತೆ ಕಾಣುವ ಗ್ರಾನೈಟ್ ಗುಡ್ಡಗಳು. ರಾಯಚೂರು ಕೋಟೆಯನ್ನು ಹೊತ್ತು ನಿಂತಿರುವ ಗುಡ್ಡವೂ ಇಂಥದ್ದೇ. ಬಂಡೆಗಳ ಸಂದಿಗೊಂದಿಗಳಲ್ಲಿ ಮಣ್ಣು ನಿಂತಲ್ಲೆಲ್ಲ ಬಾರಿ, ಕಾರೆ, ತಂಗಡಿ, ಲಂಟಾನ, ಜಾಲಿ ಮುಂತಾದ ಕಂಟಿಗಳು ಬೇರೂರಿರುತ್ತವೆ.

ಎರೆಹೊಲದ ನಡುಭಾಗದಲ್ಲಿ ರೈತರು ಕಂಟಿಯನ್ನು ಉಳಿಸುವುದಿಲ್ಲ. ಅಲ್ಲಿ ಬಾರಿ ಗಿಡಕ್ಕೆ ಉಳಿದಿರುವ ಜಾಗವೆಂದರೆ ಬದು, ಹಳ್ಳದ ದಂಡೆ, ಬಂಡಿಜಾಡಿನ ಎರಡು ಮಗ್ಗುಲು, ಗುಡಿಯ ಹಿಂದಿನ ಖಾಲಿ ನೆಲ. ಮಸಾರಿ ಮತ್ತು ಕಲ್ಲುಭೂಮಿಯಲ್ಲಿ, ವಿಶೇಷವಾಗಿ ದೇವದುರ್ಗದ ಕಡೆಯ ಗುಡ್ಡಗಳ ಇಳಿಜಾರುಗಳಲ್ಲಿ, ಗಿಡಗಳು ಇನ್ನಷ್ಟು ದಟ್ಟ. ಪಟ್ಟೆ ಪಿಯರೊ ದೂರ ಹಾರುವ ಚಿಟ್ಟೆಯಲ್ಲ. ಒಂದು ಗಿಡದ ಸುತ್ತ, ಹೆಚ್ಚೆಂದರೆ ಅದೇ ಬದುವಿನ ಮತ್ತೊಂದು ಗಿಡದವರೆಗೆ, ನೆಲಕ್ಕೆ ಹತ್ತಿರವಾಗಿ ಸುಳಿದಾಡುವುದೇ ಇದರ ಸ್ವಭಾವ. ಆದ್ದರಿಂದ ಬದುಗಳ ಮೇಲಿನ ಗಿಡಗಳ ಸಾಲು ಇದಕ್ಕೆ ಮನೆಯೂ ಹೌದು, ಒಂದು ಗುಡ್ಡದಿಂದ ಮತ್ತೊಂದು ಗುಡ್ಡಕ್ಕೆ ಹೋಗುವ ದಾರಿಯೂ ಹೌದು.

ಕರ್ನಾಟಕದ ಹೊರಗೆ ಭಾರತದ ಬಯಲುನಾಡಿನ ಬಹುಭಾಗದಲ್ಲಿಯೂ ಶ್ರೀಲಂಕಾದಲ್ಲಿಯೂ ಈ ಪ್ರಭೇದವನ್ನು ದಾಖಲಿಸಲಾಗಿದೆ.

ಬಾರಿ ಗಿಡ

ಮರಿಹುಳುಗಳ ಆಹಾರವಾಗಿ ಎರಡು ಬಗೆಯ ಬಾರಿ ಗಿಡಗಳು ಮುಖ್ಯ. ಮೊದಲನೆಯದು ಪೊದೆಯಾಗಿ ಬೆಳೆಯುವ ಮುಳ್ಳುಬಾರಿ, ಝಿಝಿಫಸ್ ನುಮ್ಮುಲೇರಿಯಾ. ಲ್ಯಾಟಿನ್ ಭಾಷೆಯ ಈ ವಿಶೇಷಣಕ್ಕೆ ನಾಣ್ಯದಂತಹದು ಎಂದರ್ಥ. ಎಲೆ ನಾಣ್ಯದಂತೆ ಗುಂಡಗಿರುವುದರಿಂದ ಆ ಹೆಸರು. ಎರಡನೆಯದು ಮರವಾಗುವ ಬಾರಿ, ಝಿಝಿಫಸ್ ಮಾರಿಷಿಯಾನಾ. ಸಂತೆಯಲ್ಲಿ ಮಾರಲು ಬರುವ ದೊಡ್ಡ ಹಣ್ಣು ಇದರದು. ಎರಡರ ಎಲೆಗಳಲ್ಲಿಯೂ ಬುಡದಿಂದಲೇ ಮೂರು ನರಗಳು ಹೊರಡುತ್ತವೆ. ಎಲೆಯ ಬೆನ್ನು ಬಿಳಿಯ ತುಪ್ಪಳದಿಂದ ಮುಚ್ಚಿರುತ್ತದೆ. ಗೆಣ್ಣಿಗೆರಡರಂತೆ ಮುಳ್ಳುಗಳಿದ್ದು, ಅವುಗಳಲ್ಲಿ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಬಾಗಿರುತ್ತದೆ. ಹಣ್ಣು ಕೀಳಲು ಕೈಚಾಚಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ನೆಟ್ಟಗಿನ ಮುಳ್ಳು ಕೈಯನ್ನು ಒಳಗೆ ಹೋಗುವಾಗ ಚುಚ್ಚಿದರೆ, ಕೊಕ್ಕೆಮುಳ್ಳು ಹೊರಗೆ ಬರುವಾಗ ಹಿಡಿಯುತ್ತದೆ.

ಬಿರುಬೇಸಿಗೆಯಲ್ಲಿ ಬಾರಿ ಎಲೆಯುದುರಿಸುತ್ತದೆ. ಮುಂಗಾರಿನ ಮೊದಲ ಹನಿಗಳಿಗೆ ಚಿಗುರುತ್ತದೆ, ಮಳೆಗಾಲದಲ್ಲಿ ಹಳದಿ-ಹಸಿರು ಬಣ್ಣದ ಸಣ್ಣ ಹೂಗಳನ್ನು ಬಿಡುತ್ತದೆ, ಚಳಿಗಾಲದಲ್ಲಿ ಹಣ್ಣಾಗುತ್ತದೆ. ಸಂಕ್ರಾಂತಿಯ ಸಮಯದಲ್ಲಿ ಚಿಕ್ಕ ಮಕ್ಕಳ ತಲೆಯ ಮೇಲೆ ಬಾರಿಹಣ್ಣು ಎರೆಯುವ ವಾಡಿಕೆ ಈ ಹಣ್ಣಿನ ಕಾಲವನ್ನೇ ಅನುಸರಿಸಿದ್ದು. ಆಡು ಕುರಿಗಳಿಗೆ ಇದರ ಎಲೆ ಮೆಚ್ಚಿನ ಮೇವು; ರಾಜಸ್ಥಾನದಲ್ಲಿ ಮುಳ್ಳುಬಾರಿಯ ಎಲೆಯನ್ನು ಒಣಗಿಸಿ ಬೇಸಿಗೆಗೆ ಕೂಡಿಡುತ್ತಾರೆ. ಕತ್ತರಿಸಿದ ಗಿಡ ಹೊಲಕ್ಕೆ ಬೇಲಿಯಾಗುತ್ತದೆ.

ಈ ಚಿಟ್ಟೆಯ ದೃಷ್ಟಿಯಿಂದ ಬಾರಿಯ ಒಂದು ಗುಣ ಬಹು ಮುಖ್ಯ. ಇದರ ಬೇರು ಆಳಕ್ಕಿಳಿದಿರುತ್ತದೆ, ಮತ್ತು ನೆಲಮಟ್ಟಕ್ಕೆ ಕಡಿದರೂ ಬುಡದಿಂದಲೂ ಬೇರಿನಿಂದಲೂ ಮತ್ತೆ ಚಿಗುರುತ್ತದೆ. ಮುಂಗಾರಿಗೆ ಮುನ್ನ ಹೊಲ ಹಸನು ಮಾಡುವ ರೈತ ಬದುವಿನ ಕಂಟಿಯನ್ನು ಕಡಿದು ಸುಡುತ್ತಾನೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದೇ ಬುಡದಿಂದ ಮೆತ್ತನೆಯ ಎಳೆಚಿಗುರು ಏಳುತ್ತದೆ. ಹೆಣ್ಣು ಚಿಟ್ಟೆ ಮೊಟ್ಟೆಯಿಡಲು ಹುಡುಕುವುದು ಇಂತಹ ಎಳೆಚಿಗುರನ್ನೇ. ತಲೆತಲಾಂತರದಿಂದ ನಡೆದುಬಂದ ಈ ಕಡಿತದಿಂದ ಚಿಟ್ಟೆಯ ಸಂತತಿಗೆ ಧಕ್ಕೆಯಾಗದೆ ಉಳಿದದ್ದಕ್ಕೆ ಇದೇ ಕಾರಣವೆನ್ನಬಹುದು. ಕುಡಗೋಲು ಮತ್ತು ಕೊಡಲಿ ಬುಡವನ್ನು ಮುಟ್ಟುವುದಿಲ್ಲ.

ಜೀವನಚಕ್ರ

ಹೆಣ್ಣು ಚಿಟ್ಟೆ ಎಳೆಯ ಎಲೆ, ಚಿಗುರು ಕಾಂಡ ಅಥವಾ ಮುಳ್ಳಿನ ಬುಡದಲ್ಲಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆ ನಸು ಹಸಿರು ಛಾಯೆಯ ಬಿಳಿ ಬಣ್ಣದ್ದು, ಚಪ್ಪಟೆಯಾದ ಬಿಲ್ಲೆಯ ಆಕಾರದ್ದು. ಗಾತ್ರದಲ್ಲಿ ರಾಗಿಕಾಳಿಗಿಂತಲೂ ಚಿಕ್ಕದು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲ್ಮೈಯಲ್ಲಿ ಜಾಲರಿಯಂಥ ಕೆತ್ತನೆ ಕಾಣುತ್ತದೆ.

ಮರಿಹುಳು ಹಸಿರು. ಆಕಾರದಲ್ಲಿ ಅದು ನಾವು ಸಾಮಾನ್ಯವಾಗಿ ಕಂಡಿರುವ ಕಂಬಳಿಹುಳುವಿನಂತೆ ಉದ್ದವಾಗಿಲ್ಲ; ತಳ ಚಪ್ಪಟೆ, ಬೆನ್ನು ಉಬ್ಬು, ತಲೆ ಮೈಯೊಳಗೆ ಅಡಗಿದ್ದು, ಒಂದು ಪುಟ್ಟ ಹಸಿರು ಬೀಜವನ್ನು ಎಲೆಗೆ ಅಂಟಿಸಿಟ್ಟಂತೆ ತೋರುತ್ತದೆ. ಇದು ಉಣ್ಣುವ ರೀತಿ ವಿಶಿಷ್ಟವಾದುದು. ಇತರ ಅನೇಕ ಹುಳುಗಳಂತೆ ಎಲೆಯ ಅಂಚನ್ನು ಕತ್ತರಿಸುತ್ತ ಹೋಗದೆ, ಎಲೆಯ ಒಂದು ಬದಿಯ ತಿರುಳನ್ನು ಕೆರೆದು ತಿಂದು, ಇನ್ನೊಂದು ಬದಿಯ ತೆಳುಪೊರೆಯನ್ನು ಹಾಗೆಯೇ ಬಿಡುತ್ತದೆ. ಹುಳು ಸಾಗಿದ ದಾರಿಯುದ್ದಕ್ಕೂ ಎಲೆಯ ಮೇಲೆ ಕಿರುಗಾಲುವೆಗಳಂತಹ ಮಸುಕುಬಿಳಿಯ ಗೆರೆಗಳು ಮೂಡುತ್ತವೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಆ ಗೆರೆಗಳಲ್ಲಿ ಬೆಳಕು ತೂರಿ ಬರುತ್ತದೆ. ಬಾರಿ ಗಿಡದ ಮೇಲೆ ಟ್ಯಾರುಕಸ್ ಕುಲದ ಹುಳುವಿದೆಯೇ ಎಂಬುದನ್ನು ತಿಳಿಯಲು ಹುಳುವನ್ನು ಹುಡುಕುವುದಕ್ಕಿಂತ ಈ ಗೆರೆಗಳನ್ನು ಹುಡುಕುವುದು ಸುಲಭ. ಹುಳುವಿನ ಬಣ್ಣ ಎಲೆಯ ಬಣ್ಣದೊಂದಿಗೆ ಅಷ್ಟು ಚೆನ್ನಾಗಿ ಬೆರೆತಿರುತ್ತದೆ.

ಪೂರ್ಣ ಬೆಳೆದ ಹುಳು ಎಲೆ ಅಥವಾ ಕಾಂಡಕ್ಕೆ ರೇಷ್ಮೆಯ ಎಳೆಯಿಂದ ತನ್ನನ್ನು ಕಟ್ಟಿಕೊಂಡು, ಇಲ್ಲವೇ ಗಿಡದ ಬುಡಕ್ಕಿಳಿದು, ಕೋಶಾವಸ್ಥೆಯನ್ನು ಸೇರುತ್ತದೆ. ಬೆಚ್ಚನೆಯ, ತೇವವಿರುವ ದಿನಗಳಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗಿನ ಪಯಣ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಹೀಗಾಗಿ ಮಳೆಗಾಲದಿಂದ ಚಳಿಗಾಲದವರೆಗೆ ಒಂದರ ಹಿಂದೊಂದು ಪೀಳಿಗೆಗಳು ಬರುತ್ತವೆ. ಬಾವಿಯ ಪಕ್ಕ, ಕೆರೆಯ ಏರಿ, ಕಾಲುವೆಯ ಬದಿಗಳಲ್ಲಿ ಬೇಸಿಗೆಯಲ್ಲಿಯೂ ಹಸಿರು ಉಳಿಸಿಕೊಂಡಿರುವ ಬಾರಿ ಗಿಡಗಳು ಕಷ್ಟಕಾಲದ ಆಸರೆಗಳು.

ಇರುವೆಗಳೊಡನೆ ಒಡನಾಟ

ಲೈಕೆನಿಡೇ ಕುಟುಂಬದ ಅನೇಕ ಚಿಟ್ಟೆಗಳ ಮರಿಹುಳುಗಳಿಗೂ ಇರುವೆಗಳಿಗೂ ನಂಟಿದೆ. ಟ್ಯಾರುಕಸ್ ಕುಲವು ಅದಕ್ಕೆ ಒಳ್ಳೆಯ ಉದಾಹರಣೆ. ಹುಳುವಿನ ಹಿಂಭಾಗದಲ್ಲಿ, ಉದರದ ಏಳನೆಯ ಖಂಡದ ಬೆನ್ನಿನ ಮೇಲೆ, ಜೇನುಗ್ರಂಥಿಯೆಂದು ಕರೆಯಬಹುದಾದ ಒಂದು ಸೀಳಿನಂತಹ ರಚನೆಯಿದೆ. ಇರುವೆಯು ತನ್ನ ಮೀಸೆಗಳಿಂದ ಹುಳುವನ್ನು ಸವರಿದಾಗ ಈ ಗ್ರಂಥಿಯಿಂದ ಸಿಹಿಯಾದ ಹನಿಯೊಂದು ಒಸರುತ್ತದೆ. ಅದರಲ್ಲಿ ಸಕ್ಕರೆಯ ಜೊತೆಗೆ ಅಮಿನೊ ಆಮ್ಲಗಳೂ ಇರುತ್ತವೆ. ಎಂಟನೆಯ ಖಂಡದಲ್ಲಿ ಹೊರಚಾಚುವ ಮತ್ತು ಒಳಸರಿಯುವ ಒಂದು ಜೊತೆ ಸಣ್ಣ ಕೊಂಬುಗಳಿವೆ. ಇವು ಇರುವೆಗಳಿಗೆ ಸಂಜ್ಞೆ ನೀಡುವ ಅಂಗಗಳು.

ಸಿಹಿಯನ್ನು ಪಡೆದ ಇರುವೆಗಳು ಹುಳುವನ್ನು ಬಿಟ್ಟು ಕದಲುವುದಿಲ್ಲ. ಹುಳುವಿನ ಮೈಯೊಳಗೆ ಮೊಟ್ಟೆಯಿಡಲು ಬರುವ ಪರಾವಲಂಬಿ ಕಣಜಗಳಿಗೂ, ಬೇಟೆಯಾಡುವ ಜೇಡಗಳಿಗೂ ಈ ಕಾವಲನ್ನು ದಾಟುವುದು ಕಷ್ಟ. ಬದುವಿನ ಬಾರಿ ಗಿಡದಲ್ಲಿ ಕಪ್ಪು ಗೊದ್ದಗಳು ಒಂದೇ ಎಲೆಯ ಮೇಲೆ ಬಹಳ ಹೊತ್ತು ಸುತ್ತಾಡುತ್ತಿದ್ದರೆ, ಅಲ್ಲಿ ಹುಳುವೊಂದು ಇರುವ ಸಂಭವವಿದೆ.

ಚಾರ್ಲ್ಸ್ ಲಯೊನೆಲ್ ಡಿ ನೈಸ್‌ವಿಲ್ ಎಂಬ ಕೀಟಶಾಸ್ತ್ರಜ್ಞನ ಮೂಲಕ 19ನೇ ಶತಮಾನದ ಕೊನೆಯ ಭಾಗದಲ್ಲಿ ಪ್ರಕಟವಾದ ಒಂದು ವೃತ್ತಾಂತವನ್ನು ಆನಂತರದ ಅನೇಕ ಗ್ರಂಥಗಳು ಎತ್ತಿ ಹೇಳಿವೆ. ಅದರ ಪ್ರಕಾರ ಇರುವೆಗಳು ಬಾರಿ ಗಿಡದ ಬುಡದಲ್ಲಿ ಮಣ್ಣನ್ನು ಸಡಿಲಿಸಿ ತಾತ್ಕಾಲಿಕ ಗೂಡೊಂದನ್ನು ಮಾಡಿಕೊಂಡು, ಬೆಳೆದ ಹುಳುಗಳನ್ನು ಕೊಂಬೆಗಳಿಂದ ಅಲ್ಲಿಗೆ ಇಳಿಸುತ್ತವೆ. ಹುಳುಗಳು ಆ ಮಣ್ಣಿನ ಆಸರೆಯಲ್ಲಿ ಕೋಶಗಳಾಗುತ್ತವೆ. ಸಂಜೆ ದನಗಳನ್ನು ಹಟ್ಟಿಗೆ ಹೊಡೆದುಕೊಂಡು ಬರುವ ದನಗಾಹಿಯ ಚಿತ್ರ ಕಣ್ಣ ಮುಂದೆ ಬರುತ್ತದೆ. ಆ ಕಾಲದ ಬರಹಗಳಲ್ಲಿ ಈ ಚಿಟ್ಟೆಯ ಹೆಸರು ಥಿಯೊಫ್ರಾಸ್ಟಸ್ ಎಂದಿರುವುದರಿಂದ, ಮೇಲೆ ಹೇಳಿದ ಎಚ್ಚರಿಕೆ ಇಲ್ಲಿಯೂ ಅನ್ವಯಿಸುತ್ತದೆ.

ಈ ಒಡನಾಟವನ್ನು ಪರಸ್ಪರ ಸಹಾಯವೆಂದೇ ಪಠ್ಯಪುಸ್ತಕಗಳು ವರ್ಣಿಸುತ್ತವೆ. ವಿಷಯ ಅಷ್ಟು ಸರಳವಲ್ಲ. ಜಪಾನಿನಲ್ಲಿ ಕಂಡುಬರುವ ನರತುರಾ ಜಪೋನಿಕಾ ಎಂಬ ಇದೇ ಕುಟುಂಬದ ಚಿಟ್ಟೆಯ ಕುರಿತು 2015ರಲ್ಲಿ ಪ್ರಕಟವಾದ ಸಂಶೋಧನೆಯು, ಹುಳುವಿನ ಸಿಹಿರಸವನ್ನು ಕುಡಿದ ಇರುವೆಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ವ್ಯವಸ್ಥೆಯೇ ಬದಲಾಗುವುದನ್ನು ತೋರಿಸಿತು. ಅಂತಹ ಇರುವೆಗಳ ಅಲೆದಾಟ ಕಡಿಮೆಯಾಗಿ, ಹುಳುವಿನ ಬಳಿಯೇ ನಿಲ್ಲುವ ಮತ್ತು ಹತ್ತಿರ ಬಂದವರ ಮೇಲೆರಗುವ ಸ್ವಭಾವ ಹೆಚ್ಚುತ್ತದೆ. ಕೂಲಿ ಕೊಟ್ಟು ಕಾವಲಿಗಿಟ್ಟುಕೊಂಡದ್ದೋ, ಮದ್ದಿಟ್ಟು ಕಟ್ಟಿಹಾಕಿಕೊಂಡದ್ದೋ ಎಂಬ ಪ್ರಶ್ನೆ ಇದರಿಂದ ಎದ್ದಿದೆ.

ನಡವಳಿಕೆ

ಬೆಳಗಿನ ಎಳೆಬಿಸಿಲಿನಲ್ಲಿ ರೆಕ್ಕೆಗಳನ್ನು ಅರೆ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತದೆ. ಗಂಡಿನ ನೀಲಿ ಕಾಣುವುದು ಆಗಲೇ. ಬಿಸಿಲೇರಿದ ಮೇಲೆ ರೆಕ್ಕೆ ಮುಚ್ಚಿಯೇ ಕೂರುತ್ತದೆ. ಬಾರಿಯ ಹೂ, ಗಾಯಕ್ಕೆ ಅರೆದು ಹಚ್ಚುವ ಟ್ರೈಡ್ಯಾಕ್ಸ್ ಸಸ್ಯದ ಹೂ ಮುಂತಾದ ಸಣ್ಣ ಹೂಗಳ ಮಕರಂದ ಇದರ ಆಹಾರ. ಗಂಡುಗಳು ಒದ್ದೆಮಣ್ಣಿನಿಂದ ಲವಣಾಂಶವನ್ನು ಹೀರಲು ಹಳ್ಳದ ಅಂಚಿಗೂ ಬರುತ್ತವೆ.

ಹೋಲುವ ಚಿಟ್ಟೆಗಳು

ಬಾರಿ ಗಿಡದ ಸುತ್ತ ಕಾಣುವ ಕಪ್ಪು-ಬಿಳಿ ಚಿಟ್ಟೆಗಳೆಲ್ಲವೂ ಪಟ್ಟೆ ಪಿಯರೊಗಳಲ್ಲ. ಕಾಮನ್ ಪಿಯರೊ, ಅಂದರೆ ಕ್ಯಾಸ್ಟಾಲಿಯಸ್ ರೋಸಿಮಾನ್, ಕೂಡ ಬಾರಿ ಗಿಡವನ್ನೇ ಆಶ್ರಯಿಸಿದೆ. ಅದು ಸ್ವಲ್ಪ ದೊಡ್ಡದು. ರೆಕ್ಕೆಯ ಮೇಲ್ಭಾಗವೂ ಬಿಳಿಯಾಗಿದ್ದು ಅಲ್ಲಿ ದೊಡ್ಡ ಕಪ್ಪು ಮಚ್ಚೆಗಳಿರುತ್ತವೆ. ಝೀಬ್ರಾ ಬ್ಲೂ ಎಂಬ ಚಿಟ್ಟೆಯ ಕೆಳಭಾಗದಲ್ಲಿಯೂ ಪಟ್ಟೆಗಳಿವೆ, ಆದರೆ ಅವು ಕಂದು ಬಣ್ಣದವು, ಮತ್ತು ಅದರ ಹುಳು ಬೆಳೆಯುವುದು ಚಿತ್ರಮೂಲ ಮುಂತಾದ ಬೇರೆ ಸಸ್ಯಗಳ ಮೇಲೆ. ನಿಜವಾದ ತೊಡಕು ಇರುವುದು ಟ್ಯಾರುಕಸ್ ಕುಲದೊಳಗೇ. ಸ್ಪಾಟೆಡ್ ಪಿಯರೊ, ಬ್ಲ್ಯಾಕ್-ಸ್ಪಾಟೆಡ್ ಪಿಯರೊ ಎಂಬ ಬಂಧುಗಳು ಇದೇ ಗಿಡದ ಮೇಲೆ, ಇದೇ ಗಾತ್ರದಲ್ಲಿ, ಇದೇ ಬಣ್ಣಗಳಲ್ಲಿ ಕಾಣಿಸಿಕೊಳ್ಳುತ್ತವೆ. ಕೆಳಭಾಗದ ಗುರುತುಗಳು ಗೆರೆಗಳಾಗಿ ಕೂಡಿಕೊಂಡಿವೆಯೋ, ಚುಕ್ಕೆಗಳಾಗಿ ಬೇರ್ಪಟ್ಟಿವೆಯೋ ಎಂಬುದು ಮೊದಲ ಸುಳಿವು. ಹೆಣ್ಣುಗಳ ವಿಷಯದಲ್ಲಿ ಈ ಸುಳಿವೂ ಕೆಲವೊಮ್ಮೆ ಸಾಲದು. ಒಂದು ಛಾಯಾಚಿತ್ರವನ್ನು ನೋಡಿ ಪ್ರಭೇದದ ಹೆಸರನ್ನು ಖಚಿತವಾಗಿ ಹೇಳಿಬಿಡುವ ಉತ್ಸಾಹವನ್ನು ಇಲ್ಲಿ ತಡೆಹಿಡಿಯುವುದು ಲೇಸು. ಟ್ಯಾರುಕಸ್ ಕುಲದ್ದು ಎಂದಷ್ಟೇ ದಾಖಲಿಸಿದರೂ ತಪ್ಪೇನಿಲ್ಲ.

ಇರುನೆಲೆಯ ಬದಲಾವಣೆ

ಪಟ್ಟೆ ಪಿಯರೊ ವಿರಳ ಚಿಟ್ಟೆಯೆಂದು ಪರಿಗಣಿತವಾಗಿಲ್ಲ. ಆದರೆ ಅದು ನೆಚ್ಚಿಕೊಂಡಿರುವ ನೆಲ ಬದಲಾಗುತ್ತಿದೆ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯು ಸಿಂಧನೂರು, ಮಾನ್ವಿ ಮತ್ತು ರಾಯಚೂರು ಕಡೆಯ ಭೂಮಿಗೆ ನೀರುಣಿಸಿತು. ಕೃಷ್ಣೆಯ ಕಡೆಯಿಂದ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಭಾಗಕ್ಕೆ ಬಂದಿತು. ಬರದ ನಾಡಿಗೆ ನೀರು ಬಂದದ್ದು ದೊಡ್ಡ ಭಾಗ್ಯವೆಂಬುದರಲ್ಲಿ ಎರಡು ಮಾತಿಲ್ಲ. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಭತ್ತಕ್ಕೆ ನೆಲ ಸಮತಟ್ಟಾಗಬೇಕು. ಸಮತಟ್ಟು ಮಾಡುವಾಗ ಹಳೆಯ ಬದುಗಳು ಹೋದವು, ಬದುಗಳ ಜೊತೆ ಬಾರಿ ಗಿಡಗಳೂ ಹೋದವು. ಕೊಡಲಿಯ ಜಾಗಕ್ಕೆ ಜೆಸ್‌ಸಿಬಿ ಯಂತ್ರ ಬಂದ ಮೇಲೆ ಗಿಡವನ್ನು ಕಡಿಯುವುದಕ್ಕೂ ಕೀಳುವುದಕ್ಕೂ ಇರುವ ಅಂತರ ಎದ್ದು ಕಾಣುತ್ತದೆ. ಕಡಿದ ಗಿಡ ಚಿಗುರುತ್ತದೆ, ಬೇರುಸಹಿತ ಕಿತ್ತ ಗಿಡ ಚಿಗುರುವುದಿಲ್ಲ. ಹತ್ತಿ ಮತ್ತು ಮೆಣಸಿನಕಾಯಿ ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕವೂ ಗಾಳಿಯಲ್ಲಿ ತೇಲಿ, ಉಳಿದ ಬದುವಿನ ಎಲೆಗಳ ಮೇಲೆ ಕೂರುತ್ತದೆ.

ನೀರಾವರಿ ಮುಟ್ಟದ ಗುಡ್ಡ ಮತ್ತು ಗೋಮಾಳಗಳಲ್ಲಿ ಇನ್ನೊಂದು ಬಗೆಯ ಬದಲಾವಣೆಯಿದೆ. ಅಮೆರಿಕ ಖಂಡಗಳಿಂದ 19ನೇ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತರಲಾದ ಬಳ್ಳಾರಿ ಜಾಲಿ, ಅಂದರೆ ಪ್ರೊಸೋಪಿಸ್ ಜೂಲಿಫ್ಲೋರಾ, ಈ ಸೀಮೆಯ ಖಾಲಿ ನೆಲ, ಹಳ್ಳದ ದಂಡೆ, ರಸ್ತೆಯ ಮಗ್ಗುಲುಗಳನ್ನು ಆವರಿಸಿಕೊಂಡಿದೆ. ಅದು ದಟ್ಟವಾಗಿ ಬೆಳೆದ ಕಡೆ ಬಾರಿಯಂಥ ಕುಳ್ಳ ಪೊದೆಗಳಿಗೆ ಬಿಸಿಲೂ ಸಿಗದು, ನೀರೂ ಸಿಗದು. ಅದರಿಂದ ಬಡವರಿಗೆ ಉರುವಲು ದೊರೆತಿದೆ ಎಂಬುದೂ ಸತ್ಯ. ಆದರೆ ಬಾರಿಯ ಎಲೆ ತಿನ್ನುವ ಹುಳುವಿಗೆ ಹಸಿರಾಗಿ ಕಾಣುವ ಈ ಜಾಲಿಯ ಕಾಡು ಮರುಭೂಮಿಗೆ ಸಮ.

ಕಾಗದಪತ್ರಗಳಲ್ಲಿ ಈ ನೆಲಕ್ಕೆ ಸಿಕ್ಕಿರುವ ಹೆಸರನ್ನೂ ಗಮನಿಸಬೇಕು. ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆಯು ದೂರಸಂವೇದಿ ಸಂಸ್ಥೆಯೊಡನೆ ಸಿದ್ಧಪಡಿಸಿ 2000ದಿಂದ ಪ್ರಕಟಿಸುತ್ತ ಬಂದಿರುವ ಪಾಳುಭೂಮಿಯ ಭೂಪಟಗಳಲ್ಲಿ ಕುರುಚಲು ಗಿಡಗಳಿರುವ ನೆಲವೂ ಪಾಳುಭೂಮಿಯ ಒಂದು ವರ್ಗ. ಪಾಳು ಎಂದು ಬರೆದಿಟ್ಟ ಭೂಮಿಯನ್ನು ಬೇರೆ ಉಪಯೋಗಕ್ಕೆ ತೆಗೆದುಕೊಳ್ಳುವಾಗ ಅಲ್ಲಿ ಏನಿತ್ತು ಎಂದು ಕೇಳುವವರು ಕಡಿಮೆ. ಇದಕ್ಕೆ ಪ್ರತಿಯಾಗಿ ಯುರೋಪಿನ ಸ್ಥಿತಿಯನ್ನು ನೋಡಬಹುದು. ಸ್ಪೇನಿನ ಆಗ್ನೇಯ ಕರಾವಳಿಯ ಅಲ್ಮೆರಿಯಾ ಪ್ರಾಂತದಲ್ಲಿ ಥಿಯೊಫ್ರಾಸ್ಟಸ್ ಚಿಟ್ಟೆ ಅಲ್ಲಿನ ಕಾಡುಬಾರಿಯ, ಅಂದರೆ ಝಿಝಿಫಸ್ ಲೋಟಸ್ ಎಂಬ ಮುಳ್ಳುಪೊದೆಯ, ಮೇಲೆ ಬದುಕುತ್ತದೆ. ತರಕಾರಿ ಬೆಳೆಯುವ ಪ್ಲಾಸ್ಟಿಕ್ ಹಸಿರುಮನೆಗಳು ಆ ಬಯಲನ್ನು ಬಹುಪಾಲು ನುಂಗಿವೆ. ಆದರೂ ಯುರೋಪಿಯನ್ ಒಕ್ಕೂಟವು 1992ರ ತನ್ನ ಆವಾಸ ಸಂರಕ್ಷಣಾ ನಿರ್ದೇಶನದಲ್ಲಿ ಬಾರಿ ಪೊದೆಗಳ ಕುರುಚಲನ್ನು ಆದ್ಯತೆಯ ಆವಾಸಗಳ ಪಟ್ಟಿಯಲ್ಲಿ ಸೇರಿಸಿದೆ. ಒಂದೇ ಕುಲದ ಗಿಡ, ಒಂದೇ ಕುಲದ ಚಿಟ್ಟೆ. ಒಂದು ಕಡೆ ಕಾನೂನಿನ ರಕ್ಷಣೆ, ಇನ್ನೊಂದು ಕಡೆ ಪಾಳು ಎಂಬ ಹೆಸರು.

ವೀಕ್ಷಣೆ

ವಿದ್ಯಾರ್ಥಿಗಳು ಯಾವ ಉಪಕರಣವೂ ಇಲ್ಲದೆ ಅಭ್ಯಸಿಸಬಹುದಾದ ಚಿಟ್ಟೆಗಳಲ್ಲಿ ಇದೂ ಒಂದು. ಹಣ್ಣು ತಿಂದ ನೆನಪಿನಿಂದಲೇ ಗಿಡದ ಗುರುತು ಎಲ್ಲರಿಗೂ ಇರುತ್ತದೆ. ಮಳೆ ಬಿದ್ದು ಎರಡು ಮೂರು ವಾರಗಳಾದ ಮೇಲೆ, ಬೆಳಿಗ್ಗೆ ಬಿಸಿಲು ಬಲಿಯುವ ಮುನ್ನ, ಎಳೆಚಿಗುರಿರುವ ಒಂದು ಮುಳ್ಳುಬಾರಿಯ ಬಳಿ ಅರ್ಧ ಗಂಟೆ ಕುಳಿತರೆ ಸಾಕು. ಮೊದಲು ಎಲೆಗಳ ಮೇಲಿನ ಬಿಳಿಗೆರೆಗಳನ್ನು ನೋಡಬೇಕು, ಅನಂತರ ಇರುವೆಗಳನ್ನು, ಅವುಗಳ ನಡುವೆ ಹುಳುವನ್ನು. ಹುಳುವಿರುವ ಸಣ್ಣ ಕೊಂಬೆಯನ್ನು ಕತ್ತರಿಸಿ, ನೀರಿನ ಸೀಸೆಯಲ್ಲಿ ನಿಲ್ಲಿಸಿ, ಬಲೆಬಟ್ಟೆ ಮುಚ್ಚಿ ಸಾಕುವುದುಂಟು. ಎಲೆ ಬಾಡುವ ಮೊದಲೇ ಹೊಸ ಚಿಗುರನ್ನು ಕೊಡಬೇಕು, ಮತ್ತು ಸೀಸೆಯ ಬಾಯಿಯನ್ನು ಹತ್ತಿಯಿಂದ ಬಿಗಿಯಬೇಕು, ಇಲ್ಲವಾದರೆ ಹುಳು ಕೊಂಬೆಯಗುಂಟ ಇಳಿದು ನೀರಿಗೆ ಬೀಳುತ್ತದೆ. ಚಿಟ್ಟೆ ಹೊರಬಂದ ಮೇಲೆ ಹುಳುವನ್ನು ತಂದ ಗಿಡದ ಬಳಿಯಲ್ಲಿಯೇ ಬಿಡಬೇಕು.

ಛಾಯಾಚಿತ್ರ ತೆಗೆಯುವವರು ರೆಕ್ಕೆಯ ಕೆಳಭಾಗ ಸ್ಪಷ್ಟವಾಗಿ ಕಾಣುವಂತೆ ಒಂದನ್ನು, ಸಾಧ್ಯವಾದರೆ ಮೇಲ್ಭಾಗದ ಒಂದನ್ನು, ಮತ್ತು ಕುಳಿತ ಗಿಡದ ಒಂದನ್ನು ತೆಗೆದು, ಊರು ಹಾಗೂ ದಿನಾಂಕದೊಂದಿಗೆ ಐನ್ಯಾಚುರಲಿಸ್ಟ್‌ನಂತಹ ಸಾರ್ವಜನಿಕ ಜಾಲತಾಣಗಳಲ್ಲಿ ದಾಖಲಿಸಬಹುದು. ಹಿಂರೆಕ್ಕೆ ಹರಿದ ಚಿಟ್ಟೆಯ ಚಿತ್ರವನ್ನು ಚೆನ್ನಾಗಿಲ್ಲವೆಂದು ಬಿಸಾಡಬಾರದು. ಅದರಲ್ಲಿಯೂ ಕೆಳಭಾಗದ ಗೆರೆಗಳು ಉಳಿದಿರುತ್ತವೆ.